ತಾಂತ್ರಿಕ ವಾದ: ಸ್ಪಷ್ಟ ಮಾತಿನ ಕಸುಬು

ತಂತ್ರಾಂಶ ಲೋಕದ ದೊಡ್ಡ ತೀರ್ಮಾನಗಳು ಬಹುಪಾಲು ಬರಹದಲ್ಲೇ ಆಗುತ್ತವೆ. ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಹೇಗೆ ಮಾತಾಡಬೇಕು, ಕನ್ನಡದ ಒಂದು ಅಕ್ಷರಕ್ಕೆ ಯಾವ ಸಂಕೇತ ಕೊಡಬೇಕು, ಪ್ರೋಗ್ರಾಮಿಂಗ್ ಭಾಷೆಗೆ ಹೊಸದೊಂದು ಚಿಹ್ನೆ ಸೇರಿಸಬೇಕೋ ಬೇಡವೋ ಎಂಬಂಥ ಪ್ರಶ್ನೆಗಳನ್ನು ಬೇರೆ ಬೇರೆ ದೇಶಗಳಲ್ಲಿ ಕೂತ, ಒಬ್ಬರ ಮುಖ ಒಬ್ಬರು ನೋಡಿರದ ಜನ ಟೈಪ್ ಮಾಡಿ ಕಳಿಸಿದ ಮಾತುಗಳಲ್ಲೇ ವಾದಿಸಿ ಇತ್ಯರ್ಥ ಮಾಡುತ್ತಾರೆ. ಆ ವಾದ ಚೆನ್ನಾಗಿ ನಡೆದರೆ ದಶಕಗಳ ಕಾಲ ಬಾಳುವ ವ್ಯವಸ್ಥೆ ಹುಟ್ಟುತ್ತದೆ. ಕೆಟ್ಟರೆ ವರ್ಷಗಟ್ಟಲೆ ಮನಸ್ತಾಪ ಉಳಿಯುತ್ತದೆ, ಒಳ್ಳೆಯ ಕೆಲಸಗಾರರು ದೂರ ಸರಿಯುತ್ತಾರೆ. ಹೀಗೆ ಕೆಟ್ಟ ವಾದಗಳನ್ನು ಬಿಡಿಸಿ ನೋಡಿದರೆ ಎರಡೂ ಕಡೆಯವರು ಬುದ್ಧಿವಂತರೇ ಆಗಿರುತ್ತಾರೆ. ಆದರೆ ಇಬ್ಬರೂ ಉತ್ತರಿಸುತ್ತಿರುವುದು ಒಂದೇ ಪ್ರಶ್ನೆಗಲ್ಲ. ಯಾವ ಪ್ರಶ್ನೆ, ಯಾವ ಪದ, ಯಾವ ಸಂದರ್ಭ ಎಂಬುದನ್ನು ಮೊದಲು ತಿಳಿಯಾಗಿಸುವುದೇ ಈ ಕಸುಬಿನ ಅರ್ಧ ಭಾಗ.

ಇಂಟರ್ನೆಟ್ಟಿನ ಹುಟ್ಟೇ ಇದಕ್ಕೆ ಮೊದಲ ಪಾಠ. ಅದರ ಪೂರ್ವಜವಾದ ಅರ್ಪಾನೆಟ್ ಕಟ್ಟುವಾಗ, 1969ರ ಏಪ್ರಿಲ್ 7ರಂದು, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸ್ಟೀವ್ ಕ್ರಾಕರ್ ಒಂದು ಟಿಪ್ಪಣಿ ಹೊರಡಿಸಿದರು. ಅದಕ್ಕೆ ಅವರಿಟ್ಟ ಹೆಸರು 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್' (ಚಿಕ್ಕದಾಗಿ ಆರ್‌ಎಫ್‌ಸಿ), ಅಂದರೆ ಅಭಿಪ್ರಾಯ ಕೋರಿಕೆ. ಆಜ್ಞೆ ಎಂದಾಗಲಿ ನಿಯಮ ಎಂದಾಗಲಿ ಕರೆಯಲಿಲ್ಲ. ಅದೇ ತಿಂಗಳು ಬಂದ ಮೂರನೆಯ ಟಿಪ್ಪಣಿ ಇನ್ನೂ ಬಿಚ್ಚಿ ಹೇಳಿತು: ವಿಚಾರ ಪೂರ್ತಿ ಮಾಗಿರಬೇಕಿಲ್ಲ, ಉತ್ತರವಿಲ್ಲದ ಪ್ರಶ್ನೆಯಾದರೂ ಸರಿ, ಒಂದೇ ವಾಕ್ಯವಾದರೂ ಸಾಕು, ಬರೆದು ಕಳಿಸಿ. ಬರೆದದ್ದೆಲ್ಲ ಅಂತಿಮವೆಂದು ಓದುಗರು ಭಾವಿಸುತ್ತಾರೆ, ಆ ಅಂಜಿಕೆಯಿಂದ ಬರೆಯುವವರು ಹಿಂಜರಿಯುತ್ತಾರೆ. ಎರಡನ್ನೂ ಮುರಿಯಬೇಕೆಂಬುದೇ ಅದರ ಉದ್ದೇಶವಾಗಿತ್ತು. ಆ ಸರಣಿಯ ಸಂಖ್ಯೆ ಇಂದು 9000 ದಾಟಿದೆ. ಇಂಟರ್ನೆಟ್ ನಿಂತಿರುವುದು 'ತಪ್ಪಿದ್ದರೆ ತಿದ್ದಿ' ಎಂಬ ಧ್ವನಿಯಲ್ಲಿ ಶುರುವಾದ ಈ ಬರಹಗಳ ಮೇಲೆ.

ಬರಹದಲ್ಲಿ ಕಳೆದುಹೋಗುವ ದನಿ

ಎದುರುಬದುರು ಕೂತು ಮಾತಾಡುವಾಗ ಅರ್ಧ ಅರ್ಥವನ್ನು ಮುಖ, ಕೈ, ದನಿಯ ಏರಿಳಿತ ಹೊತ್ತು ತರುತ್ತವೆ. "ಭಾರಿ ಒಳ್ಳೆ ಕೆಲಸ ಮಾಡಿದಿರಿ" ಎಂಬ ಮಾತು ಮೆಚ್ಚುಗೆಯೋ ಚುಚ್ಚೋ ಎಂಬುದು ದನಿಯಲ್ಲಿ ಗೊತ್ತಾಗುತ್ತದೆ, ಅಕ್ಷರಗಳಲ್ಲಿ ಗೊತ್ತಾಗುವುದಿಲ್ಲ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇದೇ ಆಯಿತು. ಹಗ್ಗ ಹರಿದು ಬೀಳುವ ಲಿಫ್ಟ್‌ನೊಳಗೆ ಪಾದರಸದ ಹನಿ ಏನಾಗುತ್ತದೆ ಎಂಬ ಭೌತಶಾಸ್ತ್ರದ ಒಗಟಿನ ಮೇಲೆ ಚರ್ಚೆ ನಡೆದಿತ್ತು. ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ ಎಂದು ಒಬ್ಬರು ತಮಾಷೆಗೆ ಬರೆದದ್ದನ್ನು ಕೆಲವರು ನಿಜವಾದ ಎಚ್ಚರಿಕೆ ಎಂದೇ ತಿಳಿದರು. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಸಲಹೆ ಮುಂದಿಟ್ಟರು: ತಮಾಷೆಯ ಮಾತಿನ ಕೊನೆಗೆ :-) ಎಂಬ ಗುರುತು, ಗಂಭೀರ ಮಾತಿಗೆ :-( ಎಂಬ ಗುರುತು ಹಾಕೋಣ. ಇಂದು ಎಲ್ಲರ ಫೋನಿನಲ್ಲಿರುವ ನಗುಮುಖಗಳ ಹಿಂದೆ ಇರುವುದು ಒಂದು ತಾಂತ್ರಿಕ ಚರ್ಚೆಯ ಅಪಾರ್ಥ.

ಈ ಅಪಾರ್ಥದ ಅಳತೆಯೂ ನಡೆದಿದೆ. ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭಾಗವಹಿಸಿದವರು ಕೆಲವು ವಾಕ್ಯಗಳನ್ನು ಗಂಭೀರವಾಗಿಯೂ ಕೆಲವನ್ನು ವ್ಯಂಗ್ಯವಾಗಿಯೂ ಇಮೇಲ್‌ನಲ್ಲಿ ಕಳಿಸಿದರು. ಓದುವವರು ಶೇ. 78ರಷ್ಟು ಸರಿಯಾಗಿ ಗುರುತಿಸುತ್ತಾರೆಂದು ಕಳಿಸಿದವರು ನಂಬಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ಶೇ. 56 ಮಾತ್ರ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿ ಹೇಳಿದ್ದರೂ ಶೇ. 50 ಬರುತ್ತಿತ್ತು. ಬರೆಯುವವರ ಕಿವಿಯಲ್ಲಿ ಅವರದೇ ದನಿ ಮೊಳಗುತ್ತಿರುತ್ತದೆ, ಆ ದನಿ ಓದುವವರಿಗೂ ಕೇಳಿಸುತ್ತದೆಂದು ಅವರು ಅಂದುಕೊಳ್ಳುತ್ತಾರೆ. ಕೊಂಕು ಮಾತು ತಾಂತ್ರಿಕ ವಾದದಲ್ಲಿ ದುಬಾರಿಯಾಗುವುದು ಇದಕ್ಕೇ. ಪರೀಕ್ಷೆ ಮಾಡದೆ ಕೋಡ್ ಕಳಿಸಬಾರದು ಎನ್ನಬೇಕಾದಲ್ಲಿ "ಟೆಸ್ಟ್ ಯಾಕೆ ಬೇಕು ಬಿಡಿ" ಎಂದು ಬರೆದರೆ, ಯಾರೋ ಒಬ್ಬರು ಅದನ್ನು ಹಾಗೆಯೇ ಪಾಲಿಸುತ್ತಾರೆ.

ಪದಗಳ ಗಡಿ

ದನಿಯ ನಂತರದ ತೊಡಕು ಪದದ್ದು. 'ವೇಗ', 'ಸುರಕ್ಷಿತ', 'ಸರಳ', 'ಬೆಂಬಲ ಇದೆ' ಮುಂತಾದ ಮಾತುಗಳು ಎಲ್ಲರಿಗೂ ಗೊತ್ತಿರುವಂತೆ ಕಾಣುತ್ತವೆ, ಹಾಗಾಗಿಯೇ ಯಾರೂ ಅರ್ಥ ಕೇಳುವುದಿಲ್ಲ. ಒಬ್ಬರಿಗೆ ವೇಗವೆಂದರೆ ಒಂದು ಪುಟ ತೆರೆಯಲು ಹಿಡಿಯುವ ಸಮಯ, ಇನ್ನೊಬ್ಬರಿಗೆ ಒಂದು ಸೆಕೆಂಡಿನಲ್ಲಿ ಎಷ್ಟು ಜನರಿಗೆ ಉತ್ತರ ಕೊಡಬಹುದು ಎಂಬ ಲೆಕ್ಕ. ಬೆಂಗಳೂರಿನಿಂದ ಮೈಸೂರಿಗೆ ಒಬ್ಬರನ್ನು ಬೇಗ ತಲುಪಿಸುವುದು ಕಾರು, ಸಾವಿರ ಜನರನ್ನು ಬೇಗ ತಲುಪಿಸುವುದು ರೈಲು. ಯಾವುದು ವೇಗ ಎಂದು ಇಬ್ಬರು ಜಗಳಕ್ಕೆ ನಿಂತರೆ ಇಬ್ಬರೂ ಗೆಲ್ಲುವುದಿಲ್ಲ.

ಇಂಟರ್ನೆಟ್ಟಿನ ಮಾನಕಗಳನ್ನು ಬರೆಯುವವರು ಇದಕ್ಕೊಂದು ಪರಿಹಾರ ಕಂಡುಕೊಂಡರು. 1997ರ ಮಾರ್ಚ್‌ನಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ 2119ನೆಯ ಆರ್‌ಎಫ್‌ಸಿ, ಇಂಗ್ಲಿಷಿನ 'ಮಸ್ಟ್', 'ಶುಡ್', 'ಮೇ' ಎಂಬ ಸಣ್ಣ ಪದಗಳಿಗೆ ಖಚಿತ ಅರ್ಥ ಕಟ್ಟಿಕೊಟ್ಟಿತು. 'ಮಸ್ಟ್' ಎಂದರೆ ಮಾಡಲೇಬೇಕು. 'ಶುಡ್' ಎಂದರೆ ಮಾಡಬೇಕು. ಸಕಾರಣವಿದ್ದರೆ ಬಿಡಬಹುದು, ಆದರೆ ಬಿಡುವ ಮುನ್ನ ಪರಿಣಾಮ ಪೂರ್ತಿ ಅರಿತಿರಬೇಕು. 'ಮೇ' ಎಂದರೆ ಮಾಡುವುದು ಬಿಡುವುದು ಅವರವರ ಇಷ್ಟ. ಆ ಮೇಲೂ ಗೊಂದಲ ಉಳಿಯಿತು. ಮಾಮೂಲಿ ವಾಕ್ಯದಲ್ಲಿ ಬರುವ 'ಶುಡ್' ಕೂಡ ನಿಯಮವೇ ಎಂಬ ಪ್ರಶ್ನೆ ಎದ್ದಿತು. 2017ರ 8174ನೆಯ ಆರ್‌ಎಫ್‌ಸಿ, ದೊಡ್ಡಕ್ಷರಗಳಲ್ಲಿ ಬರೆದಾಗ ಮಾತ್ರ ಈ ವಿಶೇಷ ಅರ್ಥ ಎಂದು ಗೆರೆ ಎಳೆಯಿತು.

ಕನ್ನಡದಲ್ಲಿ ತಾಂತ್ರಿಕ ವಿಚಾರ ಬರೆಯುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕನ್ನಡಕ್ಕೆ ದೊಡ್ಡಕ್ಷರಗಳ ನೆರವಿಲ್ಲ. ಜೊತೆಗೆ 'ಬಹುದು' ಎಂಬ ಒಂದೇ ಪ್ರತ್ಯಯ ಅನುಮತಿಯನ್ನೂ ಸಾಧ್ಯತೆಯನ್ನೂ ಹೇಳುತ್ತದೆ. "ಸರ್ವರ್ ಉತ್ತರ ಕಳಿಸದೆ ಇರಬಹುದು" ಎಂಬ ವಾಕ್ಯಕ್ಕೆ, ಕಳಿಸದಿದ್ದರೂ ತಪ್ಪಿಲ್ಲ ಎಂಬ ಅರ್ಥವೂ ಇದೆ, ಒಮ್ಮೊಮ್ಮೆ ಉತ್ತರ ಬಾರದೆ ಹೋಗುವ ಸಂಭವವಿದೆ ಎಂಬ ಅರ್ಥವೂ ಇದೆ. ಒಂದು ನಿಯಮ, ಇನ್ನೊಂದು ದೋಷದ ಸೂಚನೆ. "ಫೈಲ್ ಡಿಲೀಟ್ ಮಾಡಿದೆ" ಎಂಬ ಇನ್ನೊಂದು ವಾಕ್ಯವನ್ನು ನೋಡಬಹುದು. ಬರೆದವರೇ ಅಳಿಸಿದರೋ, ಪ್ರೋಗ್ರಾಮು ತಾನಾಗಿ ಅಳಿಸಿತೋ? 'ನಾನು ಮಾಡಿದೆ', 'ಅದು ಮಾಡಿದೆ' ಎರಡಕ್ಕೂ ಕ್ರಿಯಾಪದ ಒಂದೇ, ಕನ್ನಡದ ಮಾತಿನಲ್ಲಿ ಕರ್ತೃಪದ ಬಿಡುವುದೂ ರೂಢಿ. ಕಳೆದುಹೋದ ಫೈಲಿನ ಕಾರಣ ಹುಡುಕುವವರಿಗೆ ಈ ಎರಡರ ನಡುವಿನ ವ್ಯತ್ಯಾಸವೇ ಎಲ್ಲ. 'ನಾನು' ಅಥವಾ 'ಪ್ರೋಗ್ರಾಮು' ಎಂಬ ಒಂದು ಪದ ಸೇರಿಸಿದರೆ ಒಂದು ದಿನದ ಕೆಲಸ ಉಳಿಯುತ್ತದೆ. ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಹಳ್ಳಿಯೂ ಹಲ್ಲಿಯೂ ಒಂದೇ ಆಗುತ್ತವೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಹೆಸರಿಡುವಾಗಿನ ಅಜಾಗರೂಕತೆ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಹಳಗನ್ನಡದ 'ೞ' ಅಕ್ಷರವೇ ಸಾಕ್ಷಿ. ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಮಾನಕದಲ್ಲಿ ಅದಕ್ಕೆ ಸಿಕ್ಕ ಅಧಿಕೃತ ಹೆಸರು 'ಕನ್ನಡ ಲೆಟರ್ ಎಫ್‌ಎ'. ಈ ಅಕ್ಷರಕ್ಕೂ ಎಫ್ ಧ್ವನಿಗೂ ಯಾವ ನಂಟೂ ಇಲ್ಲ. ಅದು ನಾಮಕರಣದಲ್ಲಾದ ತಪ್ಪು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ನಿಯಮ, ಯಾಕೆಂದರೆ ಆ ಹೆಸರನ್ನು ನಂಬಿ ಬರೆದ ತಂತ್ರಾಂಶಗಳು ಮುರಿಯಬಾರದು. ಹಾಗಾಗಿ ತಪ್ಪು ಹೆಸರು ಹಾಗೇ ಉಳಿದಿದೆ, 'ಎಲ್‌ಎಲ್‌ಎಲ್‌ಎ' ಎಂಬ ಸರಿಯಾದ ಹೆಸರು ತಿದ್ದುಪಡಿಯ ಅಡ್ಡಹೆಸರಾಗಿ ಪಕ್ಕದಲ್ಲಿ ನಿಂತಿದೆ.

ಪ್ರಶ್ನೆ ಕೇಳುವ ಬಗೆ

ತಾಂತ್ರಿಕ ಮಾತುಕತೆಗಳಲ್ಲಿ ವಾದಕ್ಕಿಂತ ಹೆಚ್ಚು ನಡೆಯುವುದು ಪ್ರಶ್ನೋತ್ತರ. "ಕನ್ನಡ ಸರಿಯಾಗಿ ಬರ್ತಿಲ್ಲ, ಅರ್ಜೆಂಟ್, ಯಾರಾದ್ರೂ ಹೇಳಿ" ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಉತ್ತರ ಬಲ್ಲವರೂ ಇಲ್ಲಿ ಕೈಚೆಲ್ಲುತ್ತಾರೆ. ಫೋನೋ ಕಂಪ್ಯೂಟರೋ? ಅಕ್ಷರದ ಬದಲು ಚೌಕ ಕಾಣುತ್ತಿದೆಯೋ, ಒತ್ತಕ್ಷರ ತಪ್ಪುತ್ತಿದೆಯೋ? ಟೈಪ್ ಮಾಡುವಾಗಲೋ, ಪ್ರಿಂಟ್ ತೆಗೆಯುವಾಗಲೋ? ಐದಾರು ಮರುಪ್ರಶ್ನೆಗಳಾದ ಮೇಲೆ ಸಂಗತಿ ಹೊರಬರುತ್ತದೆ, ಅಷ್ಟರಲ್ಲಿ ಇಬ್ಬರ ತಾಳ್ಮೆಯೂ ಮುಗಿದಿರುತ್ತದೆ.

ಅದೇ ಪ್ರಶ್ನೆಯನ್ನು ಹೀಗೂ ಕೇಳಬಹುದು: "ರ, ಹಲಂತ, ಯ, ದೀರ್ಘ, ಸೊನ್ನೆ, ಕ, ಹಲಂತ ಎಂಬ ಅನುಕ್ರಮದಲ್ಲಿ ಟೈಪ್ ಮಾಡಿದೆನು. ರ ಪೂರ್ತಿಯಾಗಿ ಮೇಲೆ ನಿಂತು ಯ ಅದಕ್ಕೆ ಒತ್ತಾಗಿ 'ರ‍್ಯಾಂಕ್' ಎಂದು ಮೂಡಬೇಕಿತ್ತು. ಅದರ ಬದಲು ಯ ಮುಂದೆ ಬಂದು, ಅರ್ಕಾವೊತ್ತು ಹತ್ತಿ, 'ರ್ಯಾಂಕ್' ಎಂದು ಮೂಡಿದೆ. 'ಸೂರ್ಯ' ಎಂಬ ಪದ ಸರಿಯಾಗಿಯೇ ಬರುತ್ತಿದೆ. ಎರಡು ಬೇರೆ ಫಾಂಟ್‌ಗಳಲ್ಲಿ ನೋಡಿದರೂ ಇದೇ ಫಲಿತಾಂಶ." ಇಲ್ಲಿ ಏನು ಮಾಡಿದ್ದು, ಏನು ನಿರೀಕ್ಷಿಸಿದ್ದು, ಏನಾದದ್ದು ಎಂಬ ಮೂರೂ ಬೇರೆ ಬೇರೆಯಾಗಿ ನಿಂತಿವೆ. ಸೂರ್ಯ ಸರಿಯಾಗಿದೆ, ಬೇರೆ ಫಾಂಟ್‌ನಲ್ಲೂ ಹೀಗೇ ಇದೆ ಎಂಬ ಎರಡು ಸುಳಿವುಗಳು ದೋಷ ಫಾಂಟಿನದಲ್ಲ ಎಂದು ಆಗಲೇ ಹೇಳಿಬಿಟ್ಟಿವೆ. ಬಲ್ಲವರು ಒಂದೇ ಸಾಲಿನಲ್ಲಿ ಉತ್ತರಿಸಬಹುದು: ರ, ಹಲಂತ, ಯ ಅನುಕ್ರಮಕ್ಕೆ ಯೂನಿಕೋಡ್ ಅರ್ಕಾವೊತ್ತನ್ನೇ ನಿಗದಿ ಮಾಡಿದೆ, ರ ಪೂರ್ತಿ ಉಳಿಯಬೇಕಾದರೆ ರ ಮತ್ತು ಹಲಂತದ ನಡುವೆ 'ಜೀರೋ ವಿಡ್ತ್ ಜಾಯಿನರ್' ಎಂಬ ಕಣ್ಣಿಗೆ ಕಾಣದ ಸಂಕೇತ ಸೇರಿಸಬೇಕು.

ಪುಟಿ ಎಂಬ ಜನಪ್ರಿಯ ತಂತ್ರಾಂಶ ಬರೆದ ಸೈಮನ್ ಟ್ಯಾಥಮ್, ದೋಷಗಳನ್ನು ವರದಿ ಮಾಡುವ ಬಗೆಯ ಬಗ್ಗೆ 1999ರಲ್ಲಿ ಒಂದು ಪ್ರಬಂಧ ಬರೆದರು. ಪ್ರೋಗ್ರಾಮು ಕೆಡುವುದನ್ನು ಅದನ್ನು ಬರೆದವರು ತಮ್ಮ ಕಣ್ಣಾರೆ ನೋಡುವಂತೆ ಮಾಡುವುದೇ ವರದಿಯ ಗುರಿ ಎಂಬುದು ಅದರ ತಿರುಳು. ಇದರಿಂದಲೇ 'ಕನಿಷ್ಠ ಮಾದರಿ'ಯ ಮಹತ್ವ. ಹತ್ತು ಸಾವಿರ ಸಾಲಿನ ಕೋಡ್ ಕಳಿಸಿ ಎಲ್ಲೋ ತಪ್ಪಿದೆ ಎನ್ನುವುದಕ್ಕಿಂತ, ಬೇಡದ್ದನ್ನೆಲ್ಲ ಒಂದೊಂದಾಗಿ ತೆಗೆಯುತ್ತ, ದೋಷ ಇನ್ನೂ ಕಾಣುವ ಹತ್ತು ಸಾಲು ಉಳಿಸಿ ಕಳಿಸುವುದು ಮೇಲು. ಹಾಗೆ ತೆಗೆಯುತ್ತ ಹೋದವರಿಗೆ ಎಷ್ಟೋ ಸಲ ಉತ್ತರ ತಾನಾಗಿ ಸಿಕ್ಕಿಬಿಡುತ್ತದೆ.

ಇನ್ನೊಂದು ಎಡವಟ್ಟು, ಸಮಸ್ಯೆಯನ್ನು ಮುಚ್ಚಿಟ್ಟು ತಾನು ಊಹಿಸಿದ ಪರಿಹಾರದ ಬಗ್ಗೆ ಮಾತ್ರ ಕೇಳುವುದು. ತಂತ್ರಜ್ಞರ ನಡುವೆ ಇದಕ್ಕೆ 'ಎಕ್ಸ್-ವೈ ಸಮಸ್ಯೆ' ಎಂಬ ಹೆಸರಿದೆ. "ರಾತ್ರಿ ಎರಡು ಗಂಟೆಗೆ ಸರ್ವರ್ ತಾನಾಗಿ ರೀಸ್ಟಾರ್ಟ್ ಆಗುವಂತೆ ಮಾಡುವುದು ಹೇಗೆ?" ಎಂದು ಒಬ್ಬರು ಕೇಳುತ್ತಾರೆ. ಉತ್ತರ ಸುಲಭ, ಕೊಟ್ಟೂ ಬಿಡುತ್ತಾರೆ. ನಿಜವಾದ ತೊಂದರೆ ಪ್ರೋಗ್ರಾಮು ದಿನವಿಡೀ ಮೆಮೊರಿ ನುಂಗುತ್ತಿರುವುದು. ಅದನ್ನು ಯಾರೂ ಕೇಳಲಿಲ್ಲ, ಹಾಗಾಗಿ ಯಾರೂ ಹೇಳಲಿಲ್ಲ. ಹೊಟ್ಟೆನೋವಿಗೆ ವೈದ್ಯರ ಬಳಿ ಹೋದವರು ನೋವನ್ನು ಹೇಳದೆ ಮಾತ್ರೆಯ ಹೆಸರನ್ನಷ್ಟೇ ಕೇಳಿದಂತೆ ಇದು. 'ನನಗೆ ಬೇಕಾಗಿರುವುದು ಇದು, ಅದಕ್ಕಾಗಿ ಹೀಗೆ ಮಾಡಲು ಹೊರಟಿದ್ದೇನೆ' ಎಂಬ ಎರಡು ತುಂಡುಗಳೂ ಪ್ರಶ್ನೆಯಲ್ಲಿರಬೇಕು.

ವಾದ, ಜಲ್ಪ, ವಿತಂಡ

ಕನ್ನಡದ ದಿನಬಳಕೆಯಲ್ಲಿರುವ 'ವಿತಂಡವಾದ' ಎಂಬ ಪದ ಗೌತಮನ ನ್ಯಾಯಸೂತ್ರಗಳಿಂದ ಬಂದದ್ದು. ಆ ಶಾಸ್ತ್ರ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಸತ್ಯ ತಿಳಿಯಲೆಂದು ನಡೆಯುವುದು ವಾದ. ಗೆಲ್ಲಲೇಬೇಕೆಂದು ಉಪಾಯ ಹೂಡಿ ನಡೆಸುವುದು ಜಲ್ಪ. ತನ್ನದೆಂಬ ಯಾವ ನಿಲುವನ್ನೂ ಮುಂದಿಡದೆ ಎದುರಿನವರದನ್ನು ಕೆಡವುವುದಷ್ಟೇ ಗುರಿಯಾದದ್ದು ವಿತಂಡ. ಮಾತಿನ ಅರ್ಥ ತಿರುಚುವುದಕ್ಕೆ ಅಲ್ಲಿ 'ಛಲ' ಎಂಬ ಹೆಸರಿದೆ. ಒಬ್ಬನ ಬಳಿ 'ನವಕಂಬಲ'ವಿದೆ ಎಂದರೆ, ಹೊಸ ಕಂಬಳಿ ಎಂದು ಗೊತ್ತಿದ್ದೂ, ಅವನ ಬಳಿ ಒಂಬತ್ತು ಕಂಬಳಿ ಎಲ್ಲಿವೆ ಎಂದು ಕೇಳುವುದು ಅದರ ಹಳೆಯ ಉದಾಹರಣೆ. "ಈ ಪ್ರೋಗ್ರಾಮು ಎಲ್ಲ ಕಡೆ ಓಡುತ್ತದೆ" ಎಂದವರಿಗೆ "ನಮ್ಮ ಮನೆಯ ವಾಷಿಂಗ್ ಮಷೀನಿನಲ್ಲೂ ಓಡುತ್ತದೆಯೇ" ಎಂದು ಕೇಳುವವರು ಮಾಡುವುದೂ ಅದನ್ನೇ. ಮಾತಿನ ಹುರುಳು ಹಿಡಿಯುವ ಬದಲು ಸಡಿಲ ಪದವೊಂದನ್ನು ಹಿಡಿದು ಜಗ್ಗುವುದರಿಂದ ಯಾರ ಅರಿವೂ ಬೆಳೆಯುವುದಿಲ್ಲ.

ನ್ಯಾಯಶಾಸ್ತ್ರ ಕೊಟ್ಟ ಐದು ಅಂಗಗಳ ವಾಕ್ಯವಿನ್ಯಾಸ ಇಂದಿನ ತಾಂತ್ರಿಕ ಚರ್ಚೆಗೂ ಚೆನ್ನಾಗಿ ಹೊಂದುತ್ತದೆ. ಪ್ರತಿಜ್ಞೆ: ಈ ಹುಡುಕಾಟಕ್ಕೆ ಡೇಟಾಬೇಸ್‌ನಲ್ಲಿ ಇಂಡೆಕ್ಸ್ ಬೇಕು. ಹೇತು: ಈಗ ಅದು ಇಡೀ ಟೇಬಲ್ಲನ್ನು ಸಾಲುಸಾಲಾಗಿ ಓದುತ್ತಿದೆ. ಉದಾಹರಣೆ: ಇಡೀ ಟೇಬಲ್ ಓದುವ ಹುಡುಕಾಟ, ಟೇಬಲ್ ಬೆಳೆದಂತೆಲ್ಲ ನಿಧಾನವಾಗುತ್ತದೆ, ಬಿಲ್‌ಗಳ ಟೇಬಲ್‌ನಲ್ಲಿ ಹೀಗೇ ಆಗಿತ್ತು. ಉಪನಯ: ಗ್ರಾಹಕರ ಟೇಬಲ್ ಕೂಡ ದಿನವೂ ಬೆಳೆಯುತ್ತಿದೆ. ನಿಗಮನ: ಆದ್ದರಿಂದ ಇದಕ್ಕೂ ಇಂಡೆಕ್ಸ್ ಬೇಕು. ಹೀಗೆ ಬಿಡಿಸಿಟ್ಟ ವಾದದಲ್ಲಿ ಭಿನ್ನಾಭಿಪ್ರಾಯ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಗ್ರಾಹಕರ ಟೇಬಲ್ ಬೆಳೆಯುತ್ತಿಲ್ಲ, ಅದರಲ್ಲಿರುವುದು ಇನ್ನೂರೇ ಸಾಲು ಎಂದು ಒಬ್ಬರು ತೋರಿಸಿದರೆ ನಾಲ್ಕನೆಯ ಅಂಗ ಬೀಳುತ್ತದೆ, ಚರ್ಚೆ ಮುಗಿಯುತ್ತದೆ. ಬರೀ 'ಇಂಡೆಕ್ಸ್ ಬೇಕೇ ಬೇಕು' ಎಂಬ ಮಾತಿಗೆ 'ಬೇಡವೇ ಬೇಡ' ಎಂಬುದೊಂದೇ ಉತ್ತರ.

ಪೂರ್ವಪಕ್ಷವನ್ನು ಮೊದಲು ಹೇಳುವ ರೂಢಿಯೂ ಅಷ್ಟೇ ಬೆಲೆಯುಳ್ಳದ್ದು. ಎದುರಿನವರ ವಾದವನ್ನು ಅವರೇ 'ಹೌದು, ನಾನು ಹೇಳಿದ್ದು ಇದನ್ನೇ' ಎಂದು ಒಪ್ಪುವಂತೆ ಹೇಳಿ, ಆಮೇಲೆ ಅದರ ಕೊರತೆ ತೋರಿಸುವುದು ಶಾಸ್ತ್ರಗ್ರಂಥಗಳ ಶಿಸ್ತು. ಇದೇ ಬಗೆಯಲ್ಲಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬದಲಾವಣೆಗಳನ್ನು ಸೂಚಿಸುವ 'ಪೆಪ್' ಎಂಬ ಪ್ರಸ್ತಾವಗಳಲ್ಲಿ, ಪರಿಶೀಲಿಸಿ ಕೈಬಿಟ್ಟ ವಿಚಾರಗಳಿಗೆ ಪ್ರತ್ಯೇಕ ಭಾಗವೇ ಇರುತ್ತದೆ. ಯಾವುದನ್ನು ಯಾಕೆ ಬಿಟ್ಟರು ಎಂಬುದು ಬರಹದಲ್ಲಿದ್ದರೆ ಅದೇ ವಾದವನ್ನು ವರ್ಷ ವರ್ಷವೂ ಹೊಸದಾಗಿ ಮಾಡಬೇಕಾಗುವುದಿಲ್ಲ.

ಎರಡು ದೊಡ್ಡ ಜಗಳಗಳು

ಒಂದು ಸಂಖ್ಯೆಯನ್ನು ಕಂಪ್ಯೂಟರಿನ ಮೆಮೊರಿಯಲ್ಲಿ ಇಡುವಾಗ ಅದನ್ನು ಬೈಟ್ ಎಂಬ ತುಂಡುಗಳಾಗಿ ಒಡೆಯಬೇಕಾಗುತ್ತದೆ. ದೊಡ್ಡ ಬೆಲೆಯ ತುಂಡು ಮೊದಲು ಬರಬೇಕೋ, ಚಿಕ್ಕ ಬೆಲೆಯದೋ? ದಿನಾಂಕವನ್ನು 15-08-1947 ಎಂದು ಬರೆಯಬೇಕೋ, 1947-08-15 ಎಂದೋ ಎಂಬಂಥದ್ದೇ ಪ್ರಶ್ನೆ ಇದು. ಎರಡೂ ಬಗೆಯ ಯಂತ್ರಗಳಿದ್ದವು, ಎರಡಕ್ಕೂ ಉಗ್ರ ಅಭಿಮಾನಿಗಳಿದ್ದರು. 1980ರ ಏಪ್ರಿಲ್ 1ರ ದಿನಾಂಕ ಹೊತ್ತ ಒಂದು ಪ್ರಬಂಧದಲ್ಲಿ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ, 1726ರಲ್ಲಿ ಪ್ರಕಟವಾದ 'ಗಲಿವರನ ಯಾತ್ರೆಗಳು' ಕೃತಿಯಲ್ಲಿ ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೋ ಚಿಕ್ಕ ತುದಿಯಿಂದಲೋ ಎಂದು ಯುದ್ಧಕ್ಕಿಳಿಯುವವರ ಹೆಸರುಗಳನ್ನೇ ಈ ಎರಡು ಪಂಗಡಗಳಿಗೆ ಇಟ್ಟರು: 'ಬಿಗ್ ಎಂಡಿಯನ್' ಮತ್ತು 'ಲಿಟ್ಲ್ ಎಂಡಿಯನ್'. ಎರಡೂ ಕ್ರಮಗಳ ಗುಣದೋಷಗಳನ್ನು ವಿವರವಾಗಿ ತೂಗಿ ಅವರು ಹೇಳಿದ್ದು ಇಷ್ಟು: ಯಾವ ಕ್ರಮ ಎಂಬುದಕ್ಕಿಂತ ಎಲ್ಲರೂ ಒಂದೇ ಕ್ರಮಕ್ಕೆ ಒಪ್ಪುವುದು ಮುಖ್ಯ.

ಎರಡು ಕ್ರಮಗಳೂ ಬಾಳಬಲ್ಲವು ಎಂಬುದಕ್ಕೆ ನಮ್ಮ ನೆಲದಲ್ಲೇ ಪುರಾವೆಯಿದೆ. ಅಂಕಿಗಳನ್ನು ಬರೆಯುವಾಗ ದೊಡ್ಡ ಸ್ಥಾನ ಮೊದಲು ಬರುತ್ತದೆ. ಹಳೆಯ ಜ್ಯೋತಿಷ ಗ್ರಂಥಗಳಲ್ಲಿ ಅಂಕಿಗಳ ಬದಲು ಪದಗಳನ್ನು ಬಳಸುವ ಭೂತಸಂಖ್ಯೆಗಳಲ್ಲಿ ಬಿಡಿಸ್ಥಾನ ಮೊದಲು ಬರುತ್ತದೆ. ಓದುವವರಿಗೆ ನಿಯಮ ಗೊತ್ತಿದ್ದರೆ ಸಾಕು. ಇಂದಿಗೂ ಇಂಟೆಲ್ ಪ್ರೊಸೆಸರ್‌ಗಳು ಚಿಕ್ಕ ತುದಿಯನ್ನೂ, ಇಂಟರ್ನೆಟ್ಟಿನ ಮೂಲ ನಿಯಮಗಳು ದೊಡ್ಡ ತುದಿಯನ್ನೂ ಪಾಲಿಸುತ್ತವೆ. ಗಡಿಯಲ್ಲಿ ಎಲ್ಲಿ ಬದಲಿಸಬೇಕೆಂದು ಸ್ಪಷ್ಟವಾಗಿ ಬರೆದಿರುವುದರಿಂದ ಯಾರಿಗೂ ತೊಂದರೆಯಾಗುತ್ತಿಲ್ಲ. ಎಲ್ಲ ತಾಂತ್ರಿಕ ವಾದಗಳಲ್ಲೂ ಒಂದು ಕಡೆ ಸರಿ, ಇನ್ನೊಂದು ತಪ್ಪು ಎಂದೇನೂ ಇರುವುದಿಲ್ಲ. ಕೆಲವು ವಾದಗಳಲ್ಲಿ ಬೇಕಿರುವುದು ಒಪ್ಪಂದ ಮಾತ್ರ.

ಎರಡನೆಯ ಜಗಳ 1992ರದು. ಆ ವರ್ಷ ಜನವರಿ 29ರಂದು ಆ್ಯಮ್‌ಸ್ಟರ್‌ಡ್ಯಾಮ್‌ನ ಪ್ರಾಧ್ಯಾಪಕ ಆ್ಯಂಡ್ರೂ ಟ್ಯಾನನ್‌ಬಾಮ್, ಲಿನಕ್ಸ್ ಹಳತಾಗಿ ಹೋದದ್ದು ಎಂಬ ತಲೆಬರಹದಡಿ ಒಂದು ಸಂದೇಶ ಹಾಕಿದರು. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬರೆದ ಲೀನಸ್ ಟೋರ್ವಾಲ್ಡ್ಸ್ ಆಗ ಹೆಲ್ಸಿಂಕಿಯ 22 ವರ್ಷದ ವಿದ್ಯಾರ್ಥಿ. ಟ್ಯಾನನ್‌ಬಾಮ್ ಅವರ ಆಕ್ಷೇಪ ಎರಡು. ಕಾರ್ಯಾಚರಣ ವ್ಯವಸ್ಥೆಯ ತಿರುಳೆಲ್ಲ ಒಂದೇ ದೊಡ್ಡ ಗಟ್ಟಿಯಾಗಿರುವುದು ಹಳೆಯ ವಿನ್ಯಾಸ. ಸಣ್ಣ ತಿರುಳಿನ ಸುತ್ತ ಬೇರೆ ಬೇರೆ ಭಾಗಗಳಿರುವ ಮೈಕ್ರೋಕರ್ನಲ್ ಮುಂದಿನ ದಾರಿ. ಜೊತೆಗೆ ಲಿನಕ್ಸ್ ಇಂಟೆಲ್‌ನ 386 ಚಿಪ್ಪಿಗೆ ತೀರಾ ಅಂಟಿಕೊಂಡಿದೆ. ಟೋರ್ವಾಲ್ಡ್ಸ್ ಬಿಸಿಯಾಗಿ, ಟ್ಯಾನನ್‌ಬಾಮ್ ಅವರೇ ಬರೆದ ಮೈಕ್ರೋಕರ್ನಲ್ ವ್ಯವಸ್ಥೆಯಾದ ಮಿನಿಕ್ಸ್‌ನ ಕುಂದುಗಳನ್ನೆಲ್ಲ ಎತ್ತಿ ಆಡಿ ಉತ್ತರಿಸಿದರು. ಸ್ವಲ್ಪದರಲ್ಲೇ ತಮ್ಮ ಮಾತಿನ ಕಾವಿಗೆ ಕ್ಷಮೆಯನ್ನೂ ಕೇಳಿದರು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಈ ವಾದಕ್ಕೆ ಒಪ್ಪುತ್ತದೆ. ಪ್ರಾಧ್ಯಾಪಕರು ಕೇಳುತ್ತಿದ್ದುದು ಯಾವ ವಿನ್ಯಾಸ ಉತ್ತಮ ಎಂದು. ವಿದ್ಯಾರ್ಥಿ ಉತ್ತರಿಸುತ್ತಿದ್ದುದು ಇವತ್ತು ತನ್ನ ಯಂತ್ರದಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಉಚಿತವಾಗಿ ಸಿಗುತ್ತದೆ ಎಂಬುದನ್ನು. ಕಾಲ ಇಬ್ಬರಿಗೂ ಪಾಲು ಕೊಟ್ಟಿತು. ಲಿನಕ್ಸ್ ದೊಡ್ಡ ಗಟ್ಟಿಯಾಗಿಯೇ ಉಳಿದು ಲೋಕವೆಲ್ಲ ಹಬ್ಬಿತು. ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವುದೂ ಅದೇ. ಆದರೆ ಒಂದೇ ಚಿಪ್ಪಿಗೆ ಅಂಟಿಕೊಳ್ಳಬಾರದೆಂಬ ಟ್ಯಾನನ್‌ಬಾಮ್ ಮಾತನ್ನು ನಿಜಮಾಡುವಂತೆ ಅದು ಹತ್ತಾರು ಬಗೆಯ ಪ್ರೊಸೆಸರ್‌ಗಳಿಗೆ ಒಗ್ಗಿಕೊಂಡಿತು. ಇನ್ನೊಂದು ಕಡೆ ಮಿನಿಕ್ಸ್, ಇಂಟೆಲ್ ಚಿಪ್ಪುಗಳ ಒಳಗಿನ ನಿರ್ವಹಣಾ ಭಾಗದಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿರುವುದು 2017ರಲ್ಲಿ ಬೆಳಕಿಗೆ ಬಂತು. 'ಯಾವುದಕ್ಕೆ ಉತ್ತಮ, ಯಾರಿಗೆ, ಯಾವಾಗ' ಎಂಬ ಮೂರು ಪ್ರಶ್ನೆ ಮೊದಲೇ ಬಂದಿದ್ದರೆ ಆ ವಾದದ ಬಿಸಿ ಬಹಳಷ್ಟು ಇಳಿಯುತ್ತಿತ್ತು.

ಸಣ್ಣದಕ್ಕೆ ದೊಡ್ಡ ಸದ್ದು

ಬ್ರಿಟಿಷ್ ಲೇಖಕ ನಾರ್ತ್‌ಕೋಟ್ ಪಾರ್ಕಿನ್ಸನ್ 1957ರ ತಮ್ಮ ಪುಸ್ತಕದಲ್ಲಿ ಒಂದು ಸಮಿತಿಯ ಸಭೆಯನ್ನು ಚಿತ್ರಿಸಿದ್ದಾರೆ. ಅಣುಸ್ಥಾವರದ ಕೋಟಿಗಟ್ಟಲೆ ಖರ್ಚು ಕೆಲವೇ ನಿಮಿಷಗಳಲ್ಲಿ ಮಂಜೂರಾಗುತ್ತದೆ, ಯಾಕೆಂದರೆ ಅದು ಯಾರಿಗೂ ಪೂರ್ತಿ ಅರ್ಥವಾಗುವುದಿಲ್ಲ. ಸೈಕಲ್ ನಿಲ್ಲಿಸುವ ಶೆಡ್ಡಿನ ಮೇಲೆ ಮಾತ್ರ ಚರ್ಚೆ ಮುಗಿಯುವುದೇ ಇಲ್ಲ, ಯಾಕೆಂದರೆ ಶೆಡ್ಡು ಎಲ್ಲರಿಗೂ ಗೊತ್ತು. 1999ರಲ್ಲಿ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಯ ಡೆನ್ಮಾರ್ಕ್ ಮೂಲದ ಅಭಿವರ್ಧಕ ಪೌಲ್-ಹೆನ್ನಿಂಗ್ ಕಾಂಪ್ ಇದೇ ಹೋಲಿಕೆಯನ್ನು ಸಹೋದ್ಯೋಗಿಗಳ ಮುಂದಿಟ್ಟರು. ಪ್ರೋಗ್ರಾಮನ್ನು ಇಷ್ಟು ಸೆಕೆಂಡು ಸುಮ್ಮನಿರಿಸುವ 'ಸ್ಲೀಪ್' ಎಂಬ ಪುಟ್ಟ ಆದೇಶ ಸೆಕೆಂಡಿನ ಭಾಗಗಳನ್ನೂ ಒಪ್ಪಬೇಕೇ ಎಂಬ ವಿಷಯಕ್ಕೆ ಅಲ್ಲಿ ಮಾತು ಬೆಳೆದಿತ್ತು. ಅಂದಿನಿಂದ 'ಬೈಕ್‌ಶೆಡ್ಡಿಂಗ್' ಎಂಬ ಪದ ತಂತ್ರಜ್ಞರ ನುಡಿಯಲ್ಲಿ ನೆಲೆಯೂರಿತು. ಅಭಿಪ್ರಾಯ ಇರುವುದಕ್ಕೆಲ್ಲ ಅಭಿಪ್ರಾಯ ಹೇಳಲೇಬೇಕಿಲ್ಲ ಎಂಬ ಸಂಯಮ ಕೂಡ ಸ್ಪಷ್ಟ ಮಾತಿನ ಭಾಗವೇ.

ವ್ಯಕ್ತಿ ಬೇರೆ, ವಿಚಾರ ಬೇರೆ

ಅಮೆರಿಕದ ಪ್ರೋಗ್ರಾಮರ್ ಮತ್ತು ಪ್ರಬಂಧಕಾರ ಪಾಲ್ ಗ್ರಹಾಂ 2008ರಲ್ಲಿ ಭಿನ್ನಾಭಿಪ್ರಾಯಕ್ಕೆ ಏಳು ಮೆಟ್ಟಿಲುಗಳನ್ನು ಗುರುತಿಸಿದರು. ತೀರಾ ಕೆಳಗಿನದು ಬೈಗುಳ. ಅದರ ಮೇಲೆ ವ್ಯಕ್ತಿಯ ಮೇಲಿನ ಟೀಕೆ, ಆಮೇಲೆ ಮಾತಿನ ಧಾಟಿಯ ಮೇಲಿನ ಟೀಕೆ, ಆಮೇಲೆ ಕಾರಣ ಕೊಡದ ನಿರಾಕರಣೆ, ನಂತರ ಪ್ರತಿವಾದ, ಖಂಡನೆ. ಎಲ್ಲಕ್ಕಿಂತ ಮೇಲಿನದು ಎದುರಿನವರ ವಾದದ ನಡುಗಂಬವನ್ನೇ ಹಿಡಿದು ಅದು ಯಾಕೆ ನಿಲ್ಲದೆಂದು ತೋರಿಸುವುದು. "ಈ ಕೋಡ್ ಬರೆದವರಿಗೆ ತಲೆ ಇಲ್ಲ" ಎಂಬುದು ಮೊದಲ ಮೆಟ್ಟಿಲು. "ಪಟ್ಟಿ ಖಾಲಿಯಿದ್ದಾಗ ಹನ್ನೆರಡನೆಯ ಸಾಲಿನಲ್ಲಿ ಈ ಕೋಡ್ ಸೊನ್ನೆಯಿಂದ ಭಾಗಿಸುತ್ತದೆ" ಎಂಬುದು ಕೊನೆಯದಕ್ಕೆ ಹತ್ತಿರ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಕಠಿಣ, ಯಾಕೆಂದರೆ ಅದಕ್ಕೆ ಮರುಮಾತಿಲ್ಲ. ಆದರೆ ಅದು ಯಾರನ್ನೂ ಅವಮಾನಿಸುವುದಿಲ್ಲ.

ಒರಟುತನದ ಬೆಲೆ ಕಣ್ಣಿಗೆ ಕಾಣುವಂತೆ ಬಂದದ್ದು 2018ರಲ್ಲಿ. ಪೈಥಾನ್ ಭಾಷೆಯ ಜನಕ ಗೀಡೊ ವಾನ್ ರೋಸಮ್, := ಎಂಬ ಚಿಹ್ನೆಯನ್ನು ಭಾಷೆಗೆ ಸೇರಿಸುವ 572ನೆಯ ಪೆಪ್‌ನ ಮೇಲಿನ ಕಹಿ ವಾದದ ಬಳಿಕ, ಜುಲೈ 12ರಂದು ಅಂತಿಮ ತೀರ್ಪುಗಾರನ ಸ್ಥಾನದಿಂದ ಕೆಳಗಿಳಿದರು. ಒಂದು ಪ್ರಸ್ತಾವಕ್ಕಾಗಿ ಇಷ್ಟು ಹೋರಾಡಿ, ಇಷ್ಟು ಜನರ ತಿರಸ್ಕಾರಕ್ಕೆ ಗುರಿಯಾಗುವುದು ಇನ್ನು ಬೇಡ ಎಂಬುದು ಅವರ ಮಾತಿನ ಸಾರ. ಆ ಚಿಹ್ನೆ 2019ರ ಪೈಥಾನ್ 3.8ರಲ್ಲಿ ಸೇರಿತು. 2018ರ ಸೆಪ್ಟೆಂಬರ್‌ನಲ್ಲಿ ಲೀನಸ್ ಟೋರ್ವಾಲ್ಡ್ಸ್, ವರ್ಷಗಳ ಕಾಲ ತಮ್ಮ ಪತ್ರಗಳಲ್ಲಿದ್ದ ಬಿರುನುಡಿಗಾಗಿ ಬಹಿರಂಗವಾಗಿ ಕ್ಷಮೆ ಕೇಳಿ ಕೆಲಕಾಲ ಕೆಲಸದಿಂದ ದೂರ ನಿಂತರು. ಲಿನಕ್ಸ್ ತಿರುಳಿನ ಯೋಜನೆ ಆಗಲೇ ಹೊಸ ನಡವಳಿಕೆ ಸಂಹಿತೆಯನ್ನು ಒಪ್ಪಿಕೊಂಡಿತು.

ತೀರ್ಮಾನಕ್ಕೆ ಬರುವುದು

ವಾದ ಎಷ್ಟೇ ಚೆನ್ನಾಗಿದ್ದರೂ ಅದು ಎಲ್ಲೋ ಒಂದು ಕಡೆ ನಿಲ್ಲಬೇಕು. ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್ ಕೂಟ ಮತ ಎಣಿಸುವುದಿಲ್ಲ. ಅದಕ್ಕೆ ಔಪಚಾರಿಕ ಸದಸ್ಯತ್ವವೇ ಇಲ್ಲ, ಹಾಗಾಗಿ ಮತದಾರರು ಯಾರೆಂದೇ ಹೇಳಲಾಗದು. 1992ರಲ್ಲಿ ಡೇವಿಡ್ ಕ್ಲಾರ್ಕ್ ಅದರ ಧ್ಯೇಯವನ್ನು ಎರಡೇ ಮಾತುಗಳಲ್ಲಿ ಹಿಡಿದಿಟ್ಟರು: ಸ್ಥೂಲ ಒಮ್ಮತ ಮತ್ತು ಓಡುವ ಕೋಡ್. ಸಭೆಗಳಲ್ಲಿ ಕೈ ಎತ್ತಿಸುವ ಬದಲು ಗುಂಯ್‌ಗುಟ್ಟಿಸುವ ಪದ್ಧತಿ ಬೆಳೆದುಬಂದಿತ್ತು. ಬಾಯಿ ಮುಚ್ಚಿ ಹೊರಡಿಸುವ ಆ ಸದ್ದಿನಿಂದ ಒಲವು ಯಾವ ಕಡೆಗಿದೆ ಎಂಬ ಅಂದಾಜು ಸಿಗುತ್ತಿತ್ತು, ಆದರೆ ತಲೆ ಎಣಿಸಲಾಗುತ್ತಿರಲಿಲ್ಲ.

2014ರಲ್ಲಿ ಪೀಟ್ ರೆಸ್ನಿಕ್ ಬರೆದ 7282ನೆಯ ಆರ್‌ಎಫ್‌ಸಿ ಇದರ ಒಳತತ್ತ್ವವನ್ನು ಬಿಡಿಸಿಟ್ಟಿದೆ. ನೂರು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ ಇದ್ದರೂ, ಆ ಐವರ ಆಕ್ಷೇಪಕ್ಕೆ ತಾಂತ್ರಿಕವಾಗಿ ಉತ್ತರ ಸಿಗದಿದ್ದರೆ ಒಮ್ಮತವಾಗಿಲ್ಲ. ಆಕ್ಷೇಪವನ್ನು ಒಪ್ಪಿಕೊಳ್ಳಲೇಬೇಕೆಂದಿಲ್ಲ, ಆದರೆ ಅದನ್ನು ಕೈಗೆತ್ತಿಕೊಂಡು ತೂಗಿ ಉತ್ತರಿಸಿರಲೇಬೇಕು. ಹಾಗಾಗಿ 'ನನಗೆ ಇಷ್ಟವಿಲ್ಲ' ಎಂಬುದು ಅಲ್ಲಿ ತೂಕದ ಮಾತಲ್ಲ. 'ಸಂಪರ್ಕ ನಡುವೆ ಕಡಿದುಹೋದರೆ ಇದು ಒಂದೇ ಹಣವನ್ನು ಎರಡು ಸಲ ಕಳಿಸುತ್ತದೆ' ಎಂಬುದು ಒಬ್ಬರೇ ಹೇಳಿದರೂ ತೂಕದ ಮಾತು. 'ಯಾರು ಒಪ್ಪುತ್ತೀರಿ' ಎಂದು ಕೇಳುವುದಕ್ಕಿಂತ 'ಇದರೊಂದಿಗೆ ಬಾಳಲಾಗದವರು ಯಾರು, ಯಾಕೆ' ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಚರ್ಚೆಯ ಕೊನೆಯ ಕೆಲಸ ಬರೆದಿಡುವುದು. ಪ್ರಶ್ನೆ ಕೇಳಿದವರು 'ಸರಿಹೋಯ್ತು, ಥ್ಯಾಂಕ್ಸ್' ಎಂದಷ್ಟೇ ಬರೆದು ಹೊರಟುಹೋದರೆ, ಮೂರು ವರ್ಷದ ಬಳಿಕ ಅದೇ ತೊಂದರೆಯಿಂದ ಅಲ್ಲಿಗೆ ಬಂದವರಿಗೆ ಏನೂ ಸಿಗುವುದಿಲ್ಲ. 'ರ ಮತ್ತು ಹಲಂತದ ನಡುವೆ ಜೋಡಣೆ ಸಂಕೇತ ಸೇರಿಸಿದೆನು, ರ‍್ಯಾಂಕ್ ಸರಿಯಾಗಿ ಮೂಡಿತು, ಫಾಂಟ್ ಬದಲಿಸುವ ಅಗತ್ಯ ಬೀಳಲಿಲ್ಲ' ಎಂದು ಬರೆಯಲು ಒಂದು ನಿಮಿಷ ಸಾಕು. ವಾದವಾದರೂ ಅಷ್ಟೇ: ಏನು ತೀರ್ಮಾನವಾಯಿತು, ಯಾವ ಕಾರಣಕ್ಕೆ, ಯಾವ ಆಕ್ಷೇಪ ಬಗೆಹರಿಯದೆ ಉಳಿಯಿತು, ಏನು ಬದಲಾದರೆ ಇದನ್ನು ಮತ್ತೆ ತೆರೆಯಬೇಕು ಎಂಬ ನಾಲ್ಕು ಸಾಲು ಕೊನೆಯಲ್ಲಿರಬೇಕು. ಆ ನಾಲ್ಕು ಸಾಲು ಇದ್ದಲ್ಲಿ, ಚರ್ಚೆ ಅದರಲ್ಲಿ ಭಾಗವಹಿಸಿದವರದಷ್ಟೇ ಆಗಿ ಉಳಿಯದೆ ಮುಂದೆ ಬರುವವರ ಆಸ್ತಿಯಾಗುತ್ತದೆ.